ಶಂಕರೆಪ್ಪ ಹೊಸೆದ ಹಗ್ಗ

ಮಠದಲ್ಲಿ ಪೋಥಿ, ಅಂದರೆ ಧರ್ಮಗ್ರಂಥ, ಓದುವವನು ಶಂಕರೆಪ್ಪ. ಅವನು ಕೂರುವ ಮಣೆಯ ಮೇಲೆ ಇನ್ನೊಬ್ಬ ಕುಳಿತದ್ದನ್ನು ಮಹಾರಾಷ್ಟ್ರದ ಗಡಿಯೊಳಗೆ, ಮುಚ್ಚಂಡಿಯಾಚೆಯ ಆ ಊರು ನೋಡಿಯೇ ಇರಲಿಲ್ಲ. ಪೋಥಿ ಇದ್ದದ್ದು ಮರಾಠಿಯಲ್ಲಿ, ಕೇಳುವವರ ಮನೆಮಾತು ಕನ್ನಡ. ಒಂದು ಸಾಲು ಓದುವುದು, ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು, ಮತ್ತೆ ಮುಂದಿನ ಸಾಲು. ಈ ಕೆಲಸದಲ್ಲೇ ಶಂಕರೆಪ್ಪನ ತಲೆ ನೆರೆತಿತ್ತು. ಅದ್ವೈತದ ಯಾವ ಗಂಟು ಕೊಟ್ಟರೂ ಬಿಚ್ಚುತ್ತಿದ್ದ. ಹಾವು-ಹಗ್ಗದ ಮಾತು ಬಂದರಂತೂ ಅವನ ದನಿಗೆ ಬೇರೆಯದೇ ಕಳೆ.

“ಮುಸ್ಸಂಜಿಯೊಳಗ ಹಗ್ಗ ನೋಡಿ ಹಾವು ಅಂದ್ರಿ. ಎದಿ ಡಬಡಬ ಬಡಕೊಂತು. ಯಾರೋ ದೀಪ ತಂದ್ರು, ಹಗ್ಗ ಅಂತ ತಿಳೀತು. ತಿಳದ ಮ್ಯಾಲೆ ಅಂಜಿಕಿ ಎಲ್ಲಿ ಉಳೀತದ ಹೇಳ್ರಿ?”

ಎಲ್ಲರೂ ತಲೆ ಆಡಿಸುತ್ತಿದ್ದರು. ಹೆಂಡತಿ ರುಕ್ಮವ್ವ ಮಾತ್ರ ಆಡಿಸುತ್ತಿರಲಿಲ್ಲ. “ಊರಿಗೆಲ್ಲಾ ಮಾಯಾ ಮಾಯಾ ಅಂತೀರಿ. ಪಲ್ಯಾಕ ಉಪ್ಪು ಕಮ್ಮಿ ಬಿದ್ರ ಗಂಗಾಳ ಒಗೀತೀರಿ,” ಎನ್ನುತ್ತಿದ್ದಳು. ಅವಳ ಮಾತನ್ನು ಅವನು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಮನಸ್ಸಿಗೆ ಹತ್ತಿ ಕೊರೆಯತೊಡಗಿದ್ದು ತಮ್ಮ ಈಶ್ವರ.

ಮಠ ಕಟ್ಟಿಸಿದ ಗುರುಗಳು, ಊರೆಲ್ಲ ಅಪ್ಪನವರು ಎನ್ನುತ್ತಿದ್ದವರು, ಬದುಕಿದ್ದಾಗ ಅಣ್ಣತಮ್ಮರಿಬ್ಬರೂ ಅವರ ಪಾದ ಹಿಡಿದವರೇ. ಅವರು ಶಂಕರೆಪ್ಪನಿಗೆ “ನೀ ಓದು” ಅಂದರು. ಈಶ್ವರನಿಗೆ “ನೀ ಪೋಥಿ ಮುಟ್ಟಬ್ಯಾಡ, ಸುಮ್ಮ ಕುಂದ್ರು” ಅಂದರು. ತಮ್ಮ ದಡ್ಡ, ಅದಕ್ಕೇ ಹಾಗೆ ಹೇಳಿದ್ದು ಎಂದು ಶಂಕರೆಪ್ಪ ತಿಳಿದ. ಈಶ್ವರ ಏನನ್ನೂ ತಿಳಿಯಲು ಹೋಗಲಿಲ್ಲ. ನಸುಕಿನಲ್ಲಿ ದಾಳಿಂಬೆ ತೋಟದ ಬೇವಿನ ಬುಡಕ್ಕೆ ಕೂರುತ್ತಿದ್ದ. ಬಿಸಿಲೇರಿದ ಮೇಲೆ ಎದ್ದು ಗಿಡಗಳಿಗೆ ಔಷಧ ಹೊಡೆಯುತ್ತಿದ್ದ, ಪೈಪು ಒಡೆದರೆ ಪೈಪಿನವನನ್ನು ಬೈಯುತ್ತಿದ್ದ. ಹೀಗೆಯೇ ವರ್ಷಗಳು ಹೋದವು. ಅಷ್ಟರಲ್ಲಿ ಅವನ ಬಳಿ ಜನ ಬಂದು ಕೂರತೊಡಗಿದರು. ಅವನು ಮಾತಾಡುತ್ತಿರಲಿಲ್ಲ, ಅವರೂ ಕೇಳುತ್ತಿರಲಿಲ್ಲ. ಎದ್ದು ಹೋಗುವಾಗ ಮಾತ್ರ, ಇವನ ಹತ್ತಿರ ಕೂತರೆ ತಲೆಯೊಳಗಿನ ಗದ್ದಲ ನಿಲ್ಲುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ಅಪ್ಪನವರು ಹೋಗಿ ವರ್ಷವಾಯಿತು. ಮೊದಲ ಪುಣ್ಯತಿಥಿಯ ಸಪ್ತಾಹ ಕೂಡಿತು. ಬಾಲಗಾಂವದಿಂದ, ಶೇಗಾಂವದಿಂದ ಭಕ್ತರು ಬಂದರು. ಕಡೆಯ ದಿನ ಸಂಜೆಯ ಪೋಥಿ ಮುಗಿದ ಮೇಲೆ ಹಿರಿಯರು ಒಂದು ಮಾತು ತೀರ್ಮಾನಿಸಬೇಕಿತ್ತು: ಅಪ್ಪನವರ ನಂತರ ನಾಮ ಕೊಡುವವರು ಯಾರು. ಹೊಸಬರ ಕಿವಿಯಲ್ಲಿ ನಾಮ ಹೇಳಿ ಸಾಧನೆಗೆ ಕೂರಿಸುವ ಆ ಅಧಿಕಾರ ತನ್ನದೇ ಎಂದು ಶಂಕರೆಪ್ಪ ಒಳಗೊಳಗೇ ಎಂದೋ ನಿಶ್ಚಯಿಸಿಕೊಂಡಿದ್ದ. ಆದರೆ ಮಠದ ಹಿರಿಯ ಸೋಮನಿಂಗಪ್ಪ ಹಿಂದಿನ ದಿನವೇ ಅವನನ್ನು ಕರೆದು, ಜನ ಈಶ್ವರನ ಹೆಸರು ಹೇಳುತ್ತಿದ್ದಾರೆ, ನೀನು ಬೇಸರ ಮಾಡಿಕೊಳ್ಳಬೇಡ ಎಂದಿದ್ದ.

ಶಂಕರೆಪ್ಪನಿಗೆ ಬೇಸರವಾಗಲಿಲ್ಲ. ಮೈಯೆಲ್ಲ ಉರಿಯಿತು. ಅಂದು ಸಂಜೆಯೇ ಪೋಥಿ ನಡುವೆ ನಿಲ್ಲಿಸಿ, ಎಲ್ಲರೆದುರು ತಮ್ಮನನ್ನು ಕೇಳಿದ: “ಈಶ್ವರಾ, ಮಾಯಾ ಅಂದ್ರೇನಪ? ನಾಕು ಮಂದಿಗೆ ತಿಳಿಯೂಹಂಗ ಹೇಳು.”

“ನನಗೇನ್ ಗೊತ್ತಣ್ಣಾ,” ಅಂದ ಈಶ್ವರ. “ಹೇಳಾಕ ನೀ ಇದ್ದಿ, ಕೇಳಾಕ ನಾ ಇದ್ದೀನಿ. ಇಬ್ಬರೂ ಹೇಳಕೋತ ಕುಂತ್ರ ಕೇಳಾವ್ರ್ಯಾರು?”

ಜನ ನಕ್ಕರು. ಅಣಕದ ನಗೆಯಲ್ಲ, ಪ್ರೀತಿಯ ನಗೆ. ಶಂಕರೆಪ್ಪನಿಗೆ ಅದು ಕೆನ್ನೆಗೆ ಹೊಡೆದಂತಾಯಿತು. ಆ ರಾತ್ರಿ ಅವನು ಮಲಗಲಿಲ್ಲ. ಜ್ಞಾನಿಯ ಲಕ್ಷಣಗಳನ್ನು ಒಂದೊಂದಾಗಿ ನೆನಪಿಸಿಕೊಂಡ. ಸುಖದ ಸುದ್ದಿಗೆ ಹಿಗ್ಗುವುದಿಲ್ಲ, ದುಃಖದ ಸುದ್ದಿಗೆ ಕುಗ್ಗುವುದಿಲ್ಲ. ಲಕ್ಷಣ ಇದ್ದರೆ ನಾನೇ ಮೊದಲು ಅವನ ಕಾಲಿಗೆ ಬೀಳುತ್ತೇನೆ, ಇಲ್ಲದಿದ್ದರೆ ಊರಿಗೆ ಗೊತ್ತಾಗಲಿ. ಪರೀಕ್ಷೆ ಮಾಡುವುದರಲ್ಲಿ ತಪ್ಪೇನು ಎಂದು ತನಗೆ ತಾನೇ ಒಪ್ಪಿಸಿಕೊಂಡ.

ಈಶ್ವರನ ಒಬ್ಬಳೇ ಮಗಳು ದೀಪಾಲಿ ಮಿರಜದಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ಹಗಲು ವಾರ್ಡಿನ ಕೆಲಸಕ್ಕೆ ಹೋದರೆ ಫೋನು ಬಂದ್ ಮಾಡಿ ಪೆಟ್ಟಿಗೆಯಲ್ಲಿಟ್ಟು ಹೋಗಬೇಕು. ಇದು ಶಂಕರೆಪ್ಪನಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅವನು ಮಧ್ಯಾಹ್ನದ ಹೊತ್ತನ್ನು ಆರಿಸಿಕೊಂಡ.

ಕಡೆಯ ದಿನ ಮಧ್ಯಾಹ್ನ ಪ್ರಸಾದಕ್ಕೆ ಎಲೆ ಹಾಕುವ ಮೊದಲು ಹಿರಿಯರೆಲ್ಲ ಮಠದ ಪಡಸಾಲೆಯಲ್ಲಿದ್ದರು. ಈಶ್ವರ ತಾನು ದಿನಾ ಕೂರುವ ಕಂಬಕ್ಕೆ ಒರಗಿ ಕುಳಿತು ಕರಿಬೇವು ಬಿಡಿಸುತ್ತಿದ್ದ. ಶಂಕರೆಪ್ಪ ಫೋನನ್ನು ಕಿವಿಗೆ ಹಚ್ಚಿ ಹೊರಗೆ ಹೋದ, ಯಾರೊಡನೆಯೋ ಮಾತಾಡಿದಂತೆ ಮಾಡಿದ, ಒಳಗೆ ಬಂದು ನಿಂತ.

“ಈಶ್ವರಾ, ಮಿರಜದಿಂದ ಫೋನ್ ಬಂದಿತ್ತು. ದೀಪಾಲಿಗೆ ಗಾಡಿ ಹಾಯ್ದದಂತ. ಉಳಿಯೂದು ಕಷ್ಟ ಅಂತಾರ.”

ಈಶ್ವರನ ಕೈ ನಿಂತಿತು. ಒಂದು ಗಳಿಗೆ ಅವನು ಅಣ್ಣನನ್ನು ನೋಡಿದ, ಕೇಳಿದ ಮಾತು ಯಾವ ಭಾಷೆಯದೋ ಎಂಬಂತೆ. ಆಮೇಲೆ ಅವನ ಗಂಟಲಿನಿಂದ ಹೊರಟ ದನಿಗೆ ಮಠದ ಪಾರಿವಾಳಗಳು ಹಾರಿಹೋದವು. ಕಂಬಕ್ಕೆ ತಲೆ ಚಚ್ಚಿಕೊಂಡು, ನನ್ನವ್ವಾ, ನನ್ನವ್ವಾ ಎಂದು ಅತ್ತ. ಯಾವ ತಂದೆಯಾದರೂ ಅಳುವ ಹಾಗೆಯೇ ಅತ್ತ.

ಶಂಕರೆಪ್ಪ ಸೋಮನಿಂಗಪ್ಪನ ಮುಖ ನೋಡಿದ. ಸೋಮನಿಂಗಪ್ಪ ಕಣ್ಣು ಕೆಳಗೆ ಮಾಡಿದ. ಅಷ್ಟು ಸಾಕಾಗಿತ್ತು. ಇನ್ನು ನಿಜ ಹೇಳಿ ಮುಗಿಸಬೇಕು ಎಂದು ಅವನು ಬಾಯಿ ತೆರೆಯುವುದರೊಳಗೆ ಅಡುಗೆಮನೆಯಲ್ಲಿ ಕೊಪ್ಪರಿಗೆ ಉರುಳಿದ ಸದ್ದಾಯಿತು.

ಈಶ್ವರನ ಹೆಂಡತಿ ಶಾಂತಾದೇವಿ ಬಾಗಿಲಲ್ಲಿ ನಿಂತಿದ್ದಳು. ಎರಡೂ ಕೈಗೆ ಜೋಳದ ಹಿಟ್ಟು. ಬೆಳಗಿನಿಂದ ಅವಳು ಅಲ್ಲೇ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿಯ ಸಪ್ಪಳ ಶಂಕರೆಪ್ಪನ ಕಿವಿಗೂ ಬಿದ್ದಿತ್ತು. ರಾತ್ರಿಯಿಡೀ ಹಾಕಿದ ಹೊಂಚಿನಲ್ಲಿ ಅವಳು ಒಮ್ಮೆಯೂ ಅವನ ನೆನಪಿಗೆ ಬಂದಿರಲಿಲ್ಲ.

“ಯಾವ ದವಾಖಾನಿ, ಭಾವಾರ?” ಎಂದು ಕೇಳಿದಳು. ಅವಳು ಅಳುತ್ತಿರಲಿಲ್ಲ.

ದವಾಖಾನೆಯ ಹೆಸರನ್ನು ಅವನು ಯೋಚಿಸಿಯೇ ಇರಲಿಲ್ಲ. ತಡವರಿಸಿದ. ಆ ತಡವರಿಕೆಯನ್ನು ಅವಳು ಬೇರೆಯೇ ರೀತಿ ತಿಳಿದಳು. ದವಾಖಾನೆಯೇ ಇಲ್ಲವೆಂದರೆ ಮಗಳು ಹೋಗಿಬಿಟ್ಟಿದ್ದಾಳೆ, ಹೇಳಲಾರದೆ ನಿಂತಿದ್ದಾರೆ ಎಂದು ಅಲ್ಲಿಯೇ ಕುಸಿದಳು. ರುಕ್ಮವ್ವ ಓಡಿ ಬಂದು ತೊಡೆಯ ಮೇಲೆ ತಲೆ ಇಟ್ಟುಕೊಂಡಳು.

“ಇಲ್ಲವ್ವಾ, ಸುಳ್ಳು,” ಎಂದ ಶಂಕರೆಪ್ಪ. “ನಾ ಹೇಳಿದ್ದು ಸುಳ್ಳು. ಫೋನ್ ಬಂದೇ ಇಲ್ಲ.”

ಯಾರೂ ನಂಬಲಿಲ್ಲ. ಪೋಥಿ ಓದುವ ಮನುಷ್ಯ ಇಂಥ ಸುಳ್ಳು ಹೇಳುತ್ತಾನೆಯೇ? ತಾಯಿಯ ಜೀವ ತಡೆಯಲಿ ಎಂದು ಈಗ ಮಾತು ತಿರುಗಿಸುತ್ತಿದ್ದಾನೆ ಎಂದು ಸೋಮನಿಂಗಪ್ಪ ಅವನ ಬೆನ್ನು ತಟ್ಟಿದ. ಶಂಕರೆಪ್ಪ ಆಣೆ ಮಾಡಿದ. ಆಣೆ ಮಾಡಿದಷ್ಟೂ ಹೆಂಗಸರು ಜೋರಾಗಿ ಅತ್ತರು. ದೀಪಾಲಿಗೆ ಫೋನ್ ಹಚ್ಚಿದರು. ಬಂದ್ ಇತ್ತು.

ಈಶ್ವರ ಮಾತ್ರ ತಲೆಯೆತ್ತಿ ಅಣ್ಣನ ಮುಖವನ್ನು ನೋಡಿದ. ಬಹಳ ಹೊತ್ತು ನೋಡಿದ. ಟವೆಲಿನಿಂದ ಮೂಗು ಕಣ್ಣು ಒರೆಸಿಕೊಂಡು ಎದ್ದ. ಅಣ್ಣ ನಿಜ ಹೇಳುತ್ತಿದ್ದಾನೆ, ಮಗಳಿಗೆ ಏನೂ ಆಗಿಲ್ಲ ಎಂದು ಹೆಂಡತಿಗೆ ಹೇಳಿದ. ಇಬ್ಬರೂ ಕೂಡಿ ನನಗೆ ಸುಳ್ಳು ಸಮಾಧಾನ ಹೇಳುತ್ತೀರಿ ಎಂದು ಅವಳು ಅವನ ಕೈ ಕೊಡವಿದಳು.

“ಆತು, ನಡಿ,” ಎಂದ ಈಶ್ವರ. “ಮಿರಜಕ್ಕ ಹೋಗಿ ಕಣ್ಣಿಲೆ ನೋಡಿ ಬರೂಣು.”

ಸೋಮನಿಂಗಪ್ಪನ ಕ್ರೂಸರ್ ಗಾಡಿ ಹೊರಟಿತು. ಡ್ರೈವರನ ಪಕ್ಕದಲ್ಲಿ ಶಂಕರೆಪ್ಪ, ಹಿಂದೆ ಗಂಡಹೆಂಡತಿ. ಮುಚ್ಚಂಡಿ ದಾಟಿತು, ಜತ್ತ ದಾಟಿತು. ಶಂಕರೆಪ್ಪ ಫೋನ್ ಹಚ್ಚುತ್ತಲೇ ಇದ್ದ. ಪ್ರತಿ ಸಲವೂ ಅದೇ ಹೆಣ್ಣು ದನಿ ಮರಾಠಿಯಲ್ಲಿ, ನೀವು ಕರೆದವರು ಸಿಗುತ್ತಿಲ್ಲ ಎಂದು ಹೇಳುತ್ತಿತ್ತು. ಸಿಗುವುದಿಲ್ಲವೆಂದು ಅವನಿಗೆ ಗೊತ್ತೇ ಇತ್ತು. ಸಿಗಬಾರದೆಂದೇ ಆ ಹೊತ್ತನ್ನು ಆರಿಸಿದ್ದ. ಆದರೂ ಡಫಳಾಪುರ ಬರುವಷ್ಟರಲ್ಲಿ ಅವನು ಇನ್ನಷ್ಟು ಜೋರಾಗಿ ಓಡಿಸೆಂದು ಡ್ರೈವರನಿಗೆ ಹೇಳತೊಡಗಿದ.

ಯಾವ ಫೋನೂ ಬಂದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ನಾನೇ ಹುಟ್ಟಿಸಿದ್ದು. ನನ್ನ ನಾಲಿಗೆಯ ಮೇಲೆ ಹುಟ್ಟಿದ್ದು, ಬೇರೆಲ್ಲಿಯೂ ಇಲ್ಲ. ಆದರೆ ಹುಡುಗಿ ರಸ್ತೆ ದಾಟುತ್ತಾಳಲ್ಲ. ಮಿರಜದಲ್ಲಿ ಗಾಡಿಗಳಿಗೆ ಕೊರತೆಯೇ? ಮಠದಲ್ಲಿ ಆಡಿದ ಮಾತು ಹುಸಿ ಹೋಗುವುದಿಲ್ಲ ಎಂದು ಅಪ್ಪನವರು ಹೇಳುತ್ತಿದ್ದರಲ್ಲ. ಅಷ್ಟರಲ್ಲಿ ಹಿಂದಿನಿಂದ ಆಂಬುಲೆನ್ಸೊಂದು ಒದರುತ್ತ ಬಂದು ಅವರನ್ನು ದಾಟಿ ಮಿರಜದ ಕಡೆಗೆ ಹೋಯಿತು. ಶಂಕರೆಪ್ಪನ ಮೊಣಕಾಲು ಒಂದಕ್ಕೊಂದು ಬಡಿದುಕೊಳ್ಳತೊಡಗಿದವು. ಎರಡೂ ಕೈಯಿಂದ ಒತ್ತಿ ಹಿಡಿದ. ನಿಲ್ಲಲಿಲ್ಲ.

ಹಿಂದಿನಿಂದ ಈಶ್ವರ ಮೆಲ್ಲಗೆ ಕೇಳಿದ: “ಅಣ್ಣಾ, ನೀ ಯಾಕ ನಡಗಾಕತ್ತಿ?”

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಶಂಕರೆಪ್ಪ ಉತ್ತರ ಕೊಡುತ್ತಿದ್ದ. ಜಗಳದ ಉತ್ತರಗಳು ಅವನ ಹತ್ತಿರ ಬೇಕಾದಷ್ಟಿದ್ದವು. ಅವನು ಮತ್ತೆ ದೀಪಾಲಿಯ ನಂಬರು ಒತ್ತಿದ.

ಕವಠೆಮಹಾಂಕಾಳದ ಹತ್ತಿರ ಫೋನು ಬಡಿದುಕೊಂಡಿತು. ದೀಪಾಲಿ. ವಾರ್ಡಿನಿಂದ ಈಗ ಹೊರಬಂದೆ, ಇಷ್ಟು ಮಿಸ್‌ಕಾಲ್ ಯಾಕೆ, ಅಪ್ಪಗೆ ಆರಾಮಿಲ್ಲವೇ ಎಂದು ಗಾಬರಿಯಿಂದ ಕೇಳುತ್ತಿದ್ದಳು. ಶಾಂತಾದೇವಿ ಫೋನು ಕಸಿದುಕೊಂಡಳು. ಅಲ್ಲಿಯತನಕ ಅಳದವಳು ಈಗ ಬಿಕ್ಕಿ ಬಿಕ್ಕಿ ಅತ್ತಳು. ಗಾಡಿ ನಿಲ್ಲಿಸಿದರು. ಶಂಕರೆಪ್ಪ ಇಳಿದು ಹೋಗಿ ಜಾಲಿಗಿಡದ ಬುಡದಲ್ಲಿ ಕುಕ್ಕರಿಸಿ ವಾಂತಿ ಮಾಡಿಕೊಂಡ.

ಬೆನ್ನ ಹಿಂದೆ ನೀರಿನ ಬಾಟಲಿ ಹಿಡಿದು ಬಂದವಳು ಶಾಂತಾದೇವಿಯೇ. “ಭಾವಾರ, ಬಾಯಿ ತೊಳಕೋರಿ,” ಅಂದಳು. “ನಮ್ಮ ಹುಡುಗೀನ್ನ ನೀವು ಇಷ್ಟು ಹಚ್ಚಿಕೊಂಡೀರಿ ಅಂತ ನನಗ ಗೊತ್ತಿರಲಿಲ್ಲ. ಫೋನ್ ಮಾಡಿದಾವನ ನಾಲಿಗಿ ಸೇದಿ ಹೋಗ್ಲಿ.”

ಶಂಕರೆಪ್ಪ ನೀರು ಕುಡಿದ. ನಿಜ ಹೇಳಬೇಕೆಂದುಕೊಂಡ. ಬಾಟಲಿಗೆ ಮುಚ್ಚಳ ತಿರುಗಿಸಿ ಅವಳ ಕೈಗೆ ಕೊಟ್ಟ.

ಗಾಡಿ ತಿರುಗಿ ಊರಿಗೆ ಬರುವ ಹೊತ್ತಿಗೆ ಸಂಜೆಯ ಪೋಥಿಗೆ ಜನ ಸೇರಿದ್ದರು. ಸೋಮನಿಂಗಪ್ಪ ಅವನನ್ನು ಬದಿಗೆ ಕರೆದ. ಯಾರೋ ಹಲ್ಕಾ ಮನುಷ್ಯ ಸುಳ್ಳು ಫೋನ್ ಮಾಡಿದ, ಹೋಗಲಿ, ಹುಡುಗಿ ಉಳಿದಳಲ್ಲ ಎಂದ. ದನಿ ಇಳಿಸಿ, ಈಶ್ವರ ನಮ್ಮ ನಿಮ್ಮಂತೆಯೇ ಅತ್ತದ್ದನ್ನು ಹಿರಿಯರೆಲ್ಲ ನೋಡಿದ್ದಾರೆ, ನಾಮ ಕೊಡುವ ಅಧಿಕಾರ ನಿನಗೇ ಎಂದು ಮಾತಾಗಿದೆ, ಪೋಥಿ ಮುಗಿದ ಮೇಲೆ ಹೇಳುತ್ತೇವೆ ಎಂದ.

ಬೇಕಾದದ್ದೆಲ್ಲ ಕೈಗೆ ಬಂದಿತ್ತು. ಸುಮ್ಮನಿದ್ದರೆ ಸಾಕಿತ್ತು. ನಿಜ ಗೊತ್ತಿದ್ದವನು ಈಶ್ವರನೊಬ್ಬ, ಅವನು ಬಾಯಿ ಬಿಡುವವನಲ್ಲ. ಹಣೆಗೆ ಬಾವು ಬಂದಿದ್ದರೂ ತನ್ನ ಕಂಬದ ಬಳಿ ಬಂದು ಕುಳಿತಿದ್ದ.

ಶಂಕರೆಪ್ಪ ಮಣೆಯ ಮೇಲೆ ಕುಳಿತು ಪೋಥಿ ಬಿಚ್ಚಿದ. ಅಂದಿನ ಓದು ಬೇರೆ ಇತ್ತು. ಅವನ ಬೆರಳು ಹಿಂದಕ್ಕೆ ಸರಿದು ಹಗ್ಗದ ಪುಟಕ್ಕೆ ಹೋಯಿತು. ಮರಾಠಿಯ ಸಾಲು ಓದಿದ. ಜನ ಕನ್ನಡಕ್ಕಾಗಿ ಕಾದರು.

“ಇದರ ಅರ್ಥ ಇಷ್ಟ ದಿನ ನಿಮಗ ತಪ್ಪ ಹೇಳೀನಿ,” ಎಂದ. “ಹಗ್ಗ ಅಂತ ತಿಳದ್ರ ಅಂಜಿಕಿ ಹೋಗ್ತದ ಅಂದಿದ್ದೆ. ಇವತ್ತ ಯಾರೂ ಫೋನ್ ಮಾಡಿಲ್ಲ. ತಮ್ಮನ್ನ ಪರೀಕ್ಷಾ ಮಾಡಬೇಕಂತ ನಾನ ಹುಟ್ಟಿಸಿದ ಸುಳ್ಳು ಅದು. ಹಗ್ಗ ಹೊಸೆದಾಂವ ನಾನು. ಹಾವಲ್ಲ ಅಂತ ನನಗ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ಆದ್ರೂ ಮಿರಜದ ದಾರಿಯೊಳಗ ಕೈಕಾಲು ನಡಗಿದ್ದು ನಂದು. ಗೊತ್ತಿರೂದು ಬ್ಯಾರೆ, ಅಂಜಿಕಿ ಹೋಗೂದು ಬ್ಯಾರೆ ಅದರೀ. ನನ್ನ ಹತ್ರ ಇರೂದು ಬರೇ ಗೊತ್ತಿರೂದು.”

ಹೆಂಗಸರ ಸಾಲಿನಲ್ಲಿ ಶಾಂತಾದೇವಿ ಎದ್ದು ನಿಂತಳು.

“ನಿಮ್ಮ ತಮ್ಮನ ಪರೀಕ್ಷಾ ನೀವು ಮಾಡ್ರಿ, ನಿಮ್ಮ ಪರೀಕ್ಷಾ ನೀವು ಮಾಡಕೋರಿ,” ಎಂದಳು. “ಇದರೊಳಗ ನಾ ಎಲ್ಲಿದ್ದೆ, ಭಾವಾರ? ನಿಮ್ಮ ಪೋಥ್ಯಾಗ ನಾ ಎಲ್ಲಿದ್ದೆ?”

ಅವಳು ಹೊರಗೆ ಹೋದಳು. ಗಂಡನ ಕಡೆ ತಿರುಗಿಯೂ ನೋಡದೆ ರುಕ್ಮವ್ವ ಅವಳ ಹಿಂದೆಯೇ ಹೋದಳು. ಸೋಮನಿಂಗಪ್ಪ ಕೆಮ್ಮಿದ. ನಾಮದ ಮಾತನ್ನು ಯಾರೂ ಎತ್ತಲಿಲ್ಲ. ಎತ್ತುವುದಿಲ್ಲವೆಂದು ಶಂಕರೆಪ್ಪನಿಗೆ ತಿಳಿಯಿತು. ಪೋಥಿಯನ್ನು ಮಡಚಿ ಬಟ್ಟೆ ಸುತ್ತತೊಡಗಿದ.

“ಓದಣ್ಣಾ,” ಎಂದ ಈಶ್ವರ.

ಶಂಕರೆಪ್ಪ ತಲೆಯೆತ್ತಿದ. ತಮ್ಮನ ಕಣ್ಣಲ್ಲಿ ಶಾಂತಿ ಇರಲಿಲ್ಲ. ಕೆಂಪಗೆ ಸಿಟ್ಟಿತ್ತು.

“ಮನಿಗೆ ಬಾ. ಅಲ್ಲಿ ನಿಂದು ನಂದು ಮಾತದ,” ಎಂದ ಈಶ್ವರ. “ಇಲ್ಲಿ ನಿನಗ ಅಪ್ಪಾರು ಓದು ಅಂದಾರ. ಓದು.”

ಶಂಕರೆಪ್ಪ ಬಟ್ಟೆ ಬಿಚ್ಚಿದ. ಮುಂದಿನ ಸಾಲು ಓದಿದ. ಅದರ ಮುಂದಿನದೂ ಓದಿದ. ಜನ ಅರ್ಥಕ್ಕಾಗಿ ಕಾಯುತ್ತಿದ್ದರು. ಅವನು ಏನೂ ಹೇಳದೆ ಪುಟ ತಿರುವಿದ.