ಮದುವೆ ಬ್ಲೌಸಿನ ಹದಿಮೂರನೆಯ ದಾರ

ಊರವರ ಮದುವೆ ಬ್ಲೌಸುಗಳ ಬೆನ್ನಿಗೆಲ್ಲ ಮದುಮಗ ಮದುಮಗಳ ಮುಖ ಹೊಲಿದು ಕೊಟ್ಟವಳು ದೀಪ್ತಿ. ಸುಳ್ಯದ ಬಸ್‌ಸ್ಟ್ಯಾಂಡಿನ ಹತ್ತಿರ, ಮಹಡಿಯ ಮೇಲೆ ಅವಳ ಅಂಗಡಿ. ಒಂದು ಕಂಪ್ಯೂಟರ್, ಒಂದು ಕಸೂತಿ ಮೆಷಿನ್. ಈ ಸಲ ಹೊಲಿಯಬೇಕಾದದ್ದು ಅವಳದೇ ಮದುವೆಯ ಬ್ಲೌಸು. ರಾಮಾಯಣ ಶುರುವಾದದ್ದೇ ಅಲ್ಲಿಂದ.

ದೀಪ್ತಿಯ ಎಡಗಣ್ಣಿನಿಂದ ಕೆನ್ನೆಯವರೆಗೆ ಒಂದು ಬಿಳಿ ಕಲೆ. ಶಾಲೆಗೆ ಹೋಗುವಾಗ ಚುಕ್ಕಿಯಾಗಿ ಬಂದದ್ದು, ಹಬ್ಬಿ ನಿಂತಿತ್ತು. ಮದ್ದಾಯಿತು, ಹರಕೆಯಾಯಿತು. ಹೆಣ್ಣು ನೋಡಲು ಬಂದವರು ಕಾಫಿ ಕುಡಿದು ಎದ್ದು ಹೋದರು. ಕಡಬದ ಭವಿತ್ ಒಬ್ಬನೇ ಮುಖ ನೋಡಿ ಮಾತಾಡಿದವನು, ಒಪ್ಪಿದವನು. ಆಲೆಟ್ಟಿಯ ಮನೆಯಿಂದ ದೀಪ್ತಿಯ ಅಮ್ಮ ಆಗಲೇ ನೆಂಟರನ್ನು ಮದುವೆಗೆ ಕರೆಯಲು ಹೊರಟಾಗಿತ್ತು.

ಅಂಥದ್ದರಲ್ಲಿ ಭವಿತನ ಸೋದರತ್ತೆ ತಿಮ್ಮಕ್ಕ, ಅವನನ್ನೂ ಎಳೆದುಕೊಂಡು ಅಂಗಡಿಗೇ ಬಂದರು. ಕುಳಿತುಕೊಳ್ಳುವ ಮೊದಲೇ ವಿಷಯ ಹೊರಗೆ ಬಂತು.

"ಮಗಾ, ಬ್ಲೌಸಿನಲ್ಲಿ ಆ ಕಲೆ ಎಲ್ಲ ಬೇಡ ಆಯ್ತಾ? ಕಂಪ್ಯೂಟರಿನಲ್ಲಿ ಅಳಿಸ್ಲಿಕ್ಕೆ ಆಗ್ತದಂತಲ್ಲ."

ದೀಪ್ತಿ ಕಂಪ್ಯೂಟರಿನಲ್ಲಿ ನಿಶ್ಚಿತಾರ್ಥದ ಫೋಟೋ ತೆರೆದಳು. ಫೋಟೋದಲ್ಲಿ ಲೆಕ್ಕವಿಲ್ಲದಷ್ಟು ಬಣ್ಣ. ಅಷ್ಟು ದಾರ ಯಾರಪ್ಪನ ಅಂಗಡಿಯಲ್ಲಿದೆ? ಯಾವಾಗಲೂ ಮಾಡುವಂತೆ ಹನ್ನೆರಡು ಬಣ್ಣಕ್ಕೆ ಇಳಿಸಿದಳು. ಹತ್ತಿರ ಹತ್ತಿರದ ಬಣ್ಣಗಳನ್ನು ಕಂಪ್ಯೂಟರೇ ಸೇರಿಸಿ ಒಂದು ಮಾಡಿತು. ಮುಖಗಳು ಚೌಕ ಚೌಕವಾಗಿ ಮೂಡಿದವು. ಕಲೆ ಇರಲಿಲ್ಲ. ಕೆನ್ನೆಯ ಬಣ್ಣ ಅದನ್ನು ನುಂಗಿಬಿಟ್ಟಿತ್ತು.

"ಹಾಂ! ಇದೇ ಇರ್ಲಿ, ಇದೇ ಇರ್ಲಿ!" ತಿಮ್ಮಕ್ಕನ ಮುಖ ಅರಳಿತು. "ಕಂಪ್ಯೂಟರಿಗೂ ಬುದ್ಧಿ ಉಂಟು ನೋಡು."

ಸುಳ್ಳು ಯಾಕೆ, ಒಂದು ಗಳಿಗೆ ದೀಪ್ತಿಗೂ ಆ ಕೆನ್ನೆ ಚಂದ ಕಂಡಿತು. ಮರುಗಳಿಗೆ ಮೈಯೆಲ್ಲ ಉರಿಯಿತು. ಯಾರಿವಳು? ನನ್ನ ಮದುವೆಯಲ್ಲಿ ನನ್ನ ಬೆನ್ನ ಮೇಲೆ ಇವಳಿಗೇನು ಕೆಲಸ?

ಮೂಲ ಫೋಟೋಗೆ ಮರಳಿ, ಕಲೆಯ ಅಂಚಿನಗುಂಟ ಗೆರೆ ಎಳೆದು, ಅದಕ್ಕೆಂದೇ ಕೆನೆಯ ಬಣ್ಣವೊಂದನ್ನು ಸೇರಿಸಿದಳು. ಹದಿಮೂರು. ಕಲೆ ಕಣ್ಣಿಂದ ಕೆನ್ನೆಯವರೆಗೆ ಸ್ಪಷ್ಟವಾಗಿ ಬಂದು ಕೂತಿತು.

"ಎಂತ ಮಾಡುದು ನೀನು? ನೋಡಿದ ಜನ ಎಂತ ಹೇಳ್ಬಹುದು?"

"ಜನ ಎದುರಿನಿಂದ ನನ್ನನ್ನು ನೋಡುದಿಲ್ವಾ ಅತ್ತೆ?"

"ಹಾಗಾದ್ರೆ ನಮ್ಮ ಹುಡುಗನ ಮುಖ ಅದರ ಪಕ್ಕದಲ್ಲಿ ಬೇಡ!"

ದೀಪ್ತಿ ಭವಿತನ ಕಡೆ ತಿರುಗಿದಳು. ಇವನೊಂದು ಮಾತು ಹೇಳಿದರೆ ಸಾಕಿತ್ತು. ಅವನು ಕುತ್ತಿಗೆ ತುರಿಸಿಕೊಂಡ.

"ಒಂದು ಬ್ಲೌಸಿಗೆ ಎಂತಕ್ಕೆ ಜಗಳ ಮಾರಾಯ್ತಿ? ಅತ್ತೆ ಹೇಳಿದ ಹಾಗೆ ಮಾಡಿಬಿಡು."

ದೀಪ್ತಿಗೆ ಗೊತ್ತಿತ್ತು: ಈ ಮದುವೆ ಮುರಿದರೆ ಅಮ್ಮ ಹಾಸಿಗೆ ಹಿಡಿಯುತ್ತಾಳೆ, ಊರಿಗೆ ಊರೇ ಕಲೆಯ ಮಾತಾಡುತ್ತದೆ. ಹೆದರಿಕೆ ಆಗಲಿಲ್ಲವೆಂದಲ್ಲ. ಆದರೂ ಭವಿತನ ಮುಖದ ಸುತ್ತ ಗೆರೆ ಎಳೆದು ಅಳಿಸಿಬಿಟ್ಟಳು. ತನ್ನ ಮುಖವನ್ನು ನಡುವಿಗೆ ಸರಿಸಿ, ಬೆನ್ನು ತುಂಬುವಷ್ಟು ದೊಡ್ಡದು ಮಾಡಿದಳು.

"ಅತ್ತೆ ಹೇಳಿದ ಹಾಗೆ ಮಾಡಿದೆ. ಪಕ್ಕದಲ್ಲಿ ಯಾರೂ ಇಲ್ಲ."

ದೀಪ್ತಿ ಎದ್ದು ಬ್ಲೌಸಿನ ಬಟ್ಟೆಯನ್ನು ಮೆಷಿನಿಗೆ ಬಿಗಿದಳು. ಎಲ್ಲದಕ್ಕಿಂತ ಮೊದಲು ಪೋಣಿಸಿದ್ದು ಕೆನೆ ಬಣ್ಣದ ದಾರ. ಸೂಜಿ ಟಕಟಕನೆ ಓಡಿತು. ಬರಿಯ ಬಟ್ಟೆಯ ಮೇಲೆ ಮುಖಕ್ಕಿಂತ ಮುಂಚೆ ಕಲೆ ಮೂಡಿತು.

ಭವಿತ್ ಅದನ್ನೇ ನೋಡುತ್ತ ನಿಂತವನು, ಕೊನೆಗೆ ಹೇಳಿದ: "ಅತ್ತೆ, ನೀವು ಕಡಬದ ಬಸ್ಸು ಹತ್ತಿ. ನಾನು ಆಮೇಲೆ ಬರ್ತೇನೆ."

ತಿಮ್ಮಕ್ಕ ದಡದಡ ಮೆಟ್ಟಿಲಿಳಿದರು. ಅವನು ಮೆಷಿನಿನ ಹತ್ತಿರ ಬಂದ.

"ತಪ್ಪಾಯ್ತು ದೀಪ್ತಿ. ನನ್ನನ್ನು ವಾಪಸ್ ಹಾಕು."

ದೀಪ್ತಿ ಸೂಜಿಯಿಂದ ಕಣ್ಣು ತೆಗೆಯಲಿಲ್ಲ.

"ಬ್ಲೌಸಿನಲ್ಲಿ ಇನ್ನು ಜಾಗ ಇಲ್ಲ," ಎಂದಳು. "ಮಂಟಪದಲ್ಲಿ ಉಂಟು. ಈ ಮುಖದ ಪಕ್ಕ ನಿಲ್ಲುದಾದ್ರೆ ಅಲ್ಲಿಗೆ ಬನ್ನಿ."