ತುಟಿ ಆಡಿಸಿದರೆ ಸಾಕು

"ನಿನ್ನ ಗಂಟಲು ಇಲ್ಲಿ ಯಾರಿಗೆ ಬೇಕಾಗಿದೆ? ಮುಂದಿನ ಸಾಲಲ್ಲಿ ನಿಂತ್ಕೋ, ತುಟಿ ಆಡಿಸು, ಸಾಕು. ದನಿ ಹೊರಗೆ ಬಂತೋ, ನೀನೂ ಹೊರಗೆ."

ಗಾಯನದ ಮೇಷ್ಟ್ರು ಇದನ್ನು ಹೇಳುವಾಗ ಅವಳು ಬಾಗಿಲಾಚೆ ಮೊಣಕಾಲೂರಿ ನೆಲ ಒರೆಸುತ್ತಿದ್ದಳು. ಬೈಸಿಕೊಂಡವಳು ಅವಳ ಮಗಳು. ವಿಶ್ವವಿದ್ಯಾಲಯದ ಸಂಗೀತ ಶಾಲೆಯಲ್ಲಿ ತಾಯಿ ಕಕ್ಕಸು ತೊಳೆಯುವವಳು, ಮಗಳು ವಿದ್ಯಾರ್ಥಿನಿ. ಗೇಟಿನ ಮೇಲೆ ಮಗಳ ಆಳೆತ್ತರದ ಫೋಟೋ ಬೇರೆ ಏರಿಸಿದ್ದರು, ಬಾಯಿ ಅಗಲಕ್ಕೆ ತೆರೆದದ್ದು. ಕೆಳಗೆ 'ಇಲ್ಲಿ ಎಲ್ಲರ ದನಿಗೂ ಜಾಗವಿದೆ' ಎಂದಿತ್ತು. ಜಾಗವೇನೋ ಇತ್ತು, ಗೇಟಿನ ಮೇಲೆ.

ಹೊರಬಂದ ಮೇಷ್ಟ್ರು ಒದ್ದೆ ನೆಲದ ಮೇಲೆ ಬೂಟುಗಾಲಲ್ಲೇ ನಡೆದರು. "ಏ ಬಕೆಟ್ಟು, ಇಲ್ಲಿ ಇನ್ನೊಂದ್ಸಲ ಒರೆಸು." ಆ ಕಟ್ಟಡದಲ್ಲಿ ಅವಳನ್ನು ಕರೆಯುತ್ತಿದ್ದುದೇ ಹಾಗೆ.

ಮೆಟ್ಟಿಲ ಕೆಳಗೆ ಪೊರಕೆ ಇಡುವ ಗೂಡಿಗೆ ಅವಳು ಮಗಳನ್ನು ಎಳೆದುಕೊಂಡು ಹೋದಳು.

"ಯಾವತ್ತಿಂದ ನಡೀತಿದೆ ಇದು?"

"ಸೇರಿದಾಗಿಂದ. ನಂದು ಬೀದಿ ಗಂಟಲಂತೆ. ಅವರ ಹಾಡಿಗೆ ಕೊಳೆ ಹತ್ತುತ್ತಂತೆ."

"ಥೂ, ಅವನ ಬಾಯಿಗೆ ಮಣ್ಣಾಕ. ನೀನೇನು ಹುಲ್ಲು ತಿಂತಿದ್ಯಾ? ನಂಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಸುಮ್ನಿರಲ್ಲ. ಅವರು ಓಡಿಸ್ತಾರೆ. ಆಮೇಲೆ ನಾನೂ ನಿನ್ ಪಕ್ಕದಲ್ಲಿ ಬಕೆಟ್ ಹಿಡ್ಕೊಂಡು ಕೂರ್ಬೇಕು. ನಿನ್ ಕಾಲಿಗೆ ಬೀಳ್ತೀನಿ ಕಣಮ್ಮ, ಡಿಗ್ರಿ ಕೈಗೆ ಬರೋತನಕ ಬಾಯಿ ಮುಚ್ಕೊಂಡಿರು."

ಮೊದಲೆಲ್ಲ ಬೀದಿ ನಲ್ಲಿ ಸಾಲಿನಲ್ಲಿ ಮಗಳು ಹಾಡತೊಡಗಿದರೆ ಜುಟ್ಟು ಹಿಡಿದು ಕಿತ್ತಾಡುತ್ತಿದ್ದ ಹೆಂಗಸರೂ ಕೊಡ ಕೆಳಗಿಟ್ಟು ಕೇಳುತ್ತಿದ್ದರು. ಈಗೀಗ ಮನೆಯಲ್ಲಿ ಪಾತ್ರೆ ಉಜ್ಜುವಾಗಲೂ ಹುಡುಗಿಯ ತುಟಿ ಮಾತ್ರ ಅಲುಗುತ್ತಿತ್ತು. ಓದಿನ ದಣಿವು ಅಂದುಕೊಂಡಿದ್ದಳು ತಾಯಿ, ಪಾಪ. ಮನೆಹಾಳರು ಹುಡುಗಿಯ ಗಂಟಲಿಗೇ ಕೈ ಹಾಕಿದ್ದರು.

ಶಾಲೆಯ 'ಎಲ್ಲರ ದನಿ' ಸಮಾರಂಭದ ದಿನ ಅಲ್ಲಿನ ಡೈರೆಕ್ಟರಮ್ಮ ತಾವಾಗಿಯೇ ತಾಯಿಯನ್ನು ಹುಡುಕಿಕೊಂಡು ಬಂದರು. ಮಾತು ಬೆಣ್ಣೆ.

"ಹಾಡು ಮುಗಿದ ಮೇಲೆ ನಿನ್ನನ್ನೂ ವೇದಿಕೆಗೆ ಕರೀತೀವಿ. ಬಟ್ಟೆ ಬದಲಾಯಿಸ್ಬೇಡ, ಈ ನೀಲಿ ಯೂನಿಫಾರಂನಲ್ಲೇ ಬಾ, ಚೆನ್ನಾಗಿ ಕಾಣುತ್ತೆ. ತುಂಬಾ ಉಪಕಾರ ಆಯ್ತು ಅಂತ ಹೇಳಿ ಇಳಿದುಬಿಡು. ಕೈ ಸರಿಯಾಗಿ ತೊಳ್ಕೋ, ಮೈಕು ಮುಟ್ತೀಯ."

ಅವಳು ಕೈ ತೊಳೆದುಕೊಳ್ಳಲಿಲ್ಲ.

ಸಭೆ ತುಂಬಿತ್ತು. ಮುಂದಿನ ಸಾಲಿನ ನಟ್ಟನಡುವೆ ಮಗಳು ನಿಂತು ತುಟಿ ಆಡಿಸಿದಳು, ಹಿಂದಿನವರು ಹಾಡಿದರು. ಕ್ಯಾಮೆರಾಗಳೆಲ್ಲ ಅವಳ ಮುಖಕ್ಕೇ. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ತಾಯಿಯನ್ನು ಕರೆದು ಡೈರೆಕ್ಟರಮ್ಮ ಎರಡು ಬೆರಳಲ್ಲಿ ಮೈಕು ಕೊಟ್ಟರು.

"ಉಪಕಾರದ ಮಾತು ನಂಗೆ ಬರಲ್ಲ," ಅಂದಳು ಅವಳು. "ನನ್ ಮಗಳು ಈಗ ಹಾಡಿದ್ಲಲ್ಲ, ಅದನ್ನೇ ಒಬ್ಬಳೇ ಹಾಡ್ತಾಳೆ. ಕೇಳಿ."

ಸೀದಾ ಹೋಗಿ ಮಗಳ ಬಾಯಿಗೆ ಮೈಕು ಹಿಡಿದಳು. ಹುಡುಗಿಯ ಮುಖ ಬಿಳಿಚಿಕೊಂಡಿತು. ಪಕ್ಕದಲ್ಲೇ ನಿಂತಿದ್ದ ಮೇಷ್ಟ್ರು ಕಣ್ಣಲ್ಲೇ ಗದರಿಸುತ್ತಿದ್ದರು. ಮಗಳು ಅವರನ್ನೇ ನೋಡಿದಳು, ಬಾಯಿ ತೆರೆದಳು.

ದನಿ ಬರಲಿಲ್ಲ. ಒಂದೊಂದು ಪದಕ್ಕೂ ತುಟಿ ತಪ್ಪದೆ ಆಡಿತು, ಸಾಲು ಮುಗಿಯಿತು. ಸಭಾಂಗಣದಲ್ಲೆಲ್ಲ ಬರೀ ಉಸಿರು ಕೇಳಿಸಿತು. ಅಯ್ಯೋ, ದನಿ ಸತ್ತೇ ಹೋಯಿತೇ ಎಂದು ತಾಯಿ ಮಗಳ ಮುಖ ನೋಡಿದಳು. ಆ ಕಣ್ಣಲ್ಲಿ ಹೆದರಿಕೆಯ ಸುಳಿವೂ ಇರಲಿಲ್ಲ. ಹುಡುಗಿ ಬೇಕೆಂದೇ ಮಾಡುತ್ತಿದ್ದಳು.

"ಮೈಕ್ ಕೆಟ್ಟಿದೆ ಕಣ್ರೀ," ಎಂದರು ಮುಂದೆ ಕೂತಿದ್ದ ಅತಿಥಿಯೊಬ್ಬರು. ಕೆಲವರು ನಕ್ಕರು.

ತಾಯಿ ಮೈಕಿನ ಮೇಲೆ ಬೆರಳಿಂದ ಬಡಿದಳು. ಸಭಾಂಗಣ ಗುಡುಗಿತು. "ಕೆಟ್ಟಿಲ್ಲ ಸ್ವಾಮಿ. ಇಲ್ಲಿ ಇವಳಿಗೆ ಕಲಿಸಿರೋದೇ ಇಷ್ಟು."

ಮಗಳು ಎರಡನೇ ಸಾಲು ಹಿಡಿದಳು, ಕತ್ತಿನ ನರ ಉಬ್ಬಿಸಿಕೊಂಡು, ಸದ್ದಿಲ್ಲದೆ. ನಗುತ್ತಿದ್ದವರು ಒಬ್ಬೊಬ್ಬರೇ ನಗು ನಿಲ್ಲಿಸಿದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ತಲೆ ತಗ್ಗಿಸಿದಳು.

ಮೇಷ್ಟ್ರು ಬಗ್ಗಿ ಮಗಳ ಕಿವಿಯಲ್ಲಿ ಪಿಸುಗುಟ್ಟಿದರು. "ಮರ್ಯಾದೆ ಕಳೀಬೇಡ ಕಣೇ ಬೇವರ್ಸಿ, ದನಿ ತೆಗೆದು ಹಾಡು."

ಅದು ತಾಯಿ ಹಿಡಿದಿದ್ದ ಮೈಕಿನಲ್ಲಿ ಕಟ್ಟಕಡೆಯ ಕುರ್ಚಿಗೂ ಕೇಳಿಸಿತು. ಮಗಳು ಅವರ ಮುಖದ ಮೇಲಿಂದ ಕಣ್ಣು ತೆಗೆಯದೆ, ತುಟಿ ಆಡಿಸುತ್ತಾ, ಮೂರನೇ ಸಾಲು ಎತ್ತಿಕೊಂಡಳು.