ಹುಳಕ್ಕೆ ಹಾಕಿದ ಪುಡಿ

ನಮ್ಮೂರಿಗೆ ನೀರು ಬಿಡುವವನು ನಾನು, ಲಿಂಗರಾಜು. ನೀರು ಕೆಡಿಸಿದವನೂ ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹನಗೋಡಿನ ಸುತ್ತ ಹೊಗೆಸೊಪ್ಪಿಗೆ ಹೊಡೆದ ಔಷಧಿಯೆಲ್ಲ ಮಳೆ ಬಂದರೆ ಲಕ್ಷ್ಮಣತೀರ್ಥ ಹೊಳೆ ಸೇರುತ್ತದೆ. ನಮ್ಮೂರಿನ ಟ್ಯಾಂಕಿಗೆ ಬರುವುದು ಆ ಹೊಳೆಯ ನೀರೇ. ಅದನ್ನು ತೆಗೆಯಲೆಂದು ಎರಡು ವರ್ಷದ ಹಿಂದೆ ನಮ್ಮ ಟ್ಯಾಂಕಿನ ಪಕ್ಕ ಇದ್ದಿಲಿನ ಫಿಲ್ಟರ್ ಕೂರಿಸಿದರು. ಅದನ್ನು ನೋಡಿಕೊಳ್ಳುವ ರೂಪಶ್ರೀ ಮೇಡಂ ಹೋದ ತಿಂಗಳು ಊರವರನ್ನು ಸೇರಿಸಿ, ಇದ್ದಿಲಿನ ಮೇಲೆ ಕಣ್ಣಿಗೆ ಕಾಣದ ಹುಳಗಳು ಬೆಳೆದಿವೆ, ಔಷಧಿ ತಿನ್ನುವುದು ಅವೇ ಎಂದು ವಿವರಿಸಿದ್ದರಂತೆ. ಆ ದಿನ ನಾನು ಬಸುರಿ ಸೊಸೆ ಹರ್ಷಿತಾಳನ್ನು ಹುಣಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಆಗ ನನಗೆ ಸಿಕ್ಕಿದ್ದು ಪಕ್ಕದ ಮನೆ ಭದ್ರಮ್ಮನ ಮಾತು ಮಾತ್ರ.

"ಲಿಂಗ್ರಾಜಣ್ಣ, ಫಿಲ್ಟರ್‌ನಾಗೆ ಹುಳ ಬಿದ್ದವಂತೆ ಕಣಣ್ಣ!"

ಮುಚ್ಚಳ ತೆಗೆದು ನೋಡಿದರೆ ಇದ್ದಿಲೆಲ್ಲ ಲೋಳೆ. ಸೊಸೆ ಕುಡಿಯುವ ನೀರು ಇದೇನಾ ಎಂದು ಮೈ ಉರಿದುಹೋಯಿತು. ಬ್ಲೀಚಿಂಗ್ ಪೌಡರ್ ಕಲಸಿ ಸುರಿದು, ಇಡೀ ದಿನ ನೆನೆಸಿ, ವಾಸನೆ ಹೋಗುವವರೆಗೂ ತೊಳೆದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸೋಮವಾರ ಬೆಳಿಗ್ಗೆ ರೂಪಶ್ರೀ ಬಂದರು. ಇದ್ದಿಲನ್ನು ಬೆರಳಲ್ಲಿ ತಿಕ್ಕಿ ನೋಡಿದವರ ಮುಖ ಸಣ್ಣದಾಯಿತು.

"ಲೋಳೆ ಎಲ್ಲಿ ಹೋಯ್ತು? ಏನಾದ್ರೂ ಹಾಕಿದ್ರಾ? ಹಳೇ ಇದ್ದಿಲು ಕಣ್ರೀ ಇದು, ತಾನಾಗಿ ಔಷಧಿ ಹೆಚ್ಚೇನೂ ಹಿಡಿಯಲ್ಲ. ಔಷಧಿ ತಿಂತಿದ್ದಿದ್ದು ಆ ಲೋಳೆನೇ. ಸತ್ರೆ ಮತ್ತೆ ಬೆಳೆಯೋಕೆ ತಿಂಗಳುಗಟ್ಟಲೆ ಬೇಕು."

"ಇಲ್ಲ ಮೇಡಂ" ಎಂದುಬಿಟ್ಟೆ. ನಾಲಿಗೆ ನನ್ನನ್ನು ಕೇಳಲೇ ಇಲ್ಲ.

ಅವರು ಬಾಟಲಿಗೆ ನೀರು ಹಿಡಿದು, ರಿಪೋರ್ಟ್ ಬರಲು ಎಂಟು ದಿನ ಎಂದು ಹೇಳಿ ಹೊರಟರು. ಎಂಟು ದಿನ! ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ವಾಲ್ವ್ ಹತ್ತಿರ ಹೋದೆ, ಬಂದೆ, ಮತ್ತೆ ಹೋದೆ. ಅವರ ನಂಬರ್ ಒತ್ತಿ ಕಟ್ ಮಾಡಿದೆ. ಮೂವತ್ತು ವರ್ಷ ಹೊಗೆಸೊಪ್ಪಿನ ಹುಳಕ್ಕೆ ಔಷಧಿ ಹೊಡೆದ ಕೈ ಇದು, ಔಷಧಿ ತಿನ್ನುವ ಹುಳವನ್ನೂ ಬಿಡಲಿಲ್ಲವಲ್ಲ! ಬಾಯಿ ಬಿಟ್ಟರೆ ಊರು ಮುಖಕ್ಕೆ ಉಗಿಯುತ್ತದೆ, ಕೆಲಸವೂ ಹೋಗಬಹುದು. ಬಿಡದಿದ್ದರೆ ಎಲ್ಲರೂ ಔಷಧಿ ಸೇರಿದ ನೀರನ್ನೇ ಕುಡಿಯುತ್ತಾರೆ.

ಅದೇ ದಿನ ಸಂಜೆ ನಲ್ಲಿಯ ಮುಂದೆ ಬಿಂದಿಗೆಗಳ ಸಾಲು. ಹರ್ಷಿತಾ ಒಂದು ಕೈಯನ್ನು ಸೊಂಟಕ್ಕೆ ಕೊಟ್ಟುಕೊಂಡು, ಲೋಟದಲ್ಲಿ ನೀರು ಹಿಡಿದು ಬಾಯಿಗೆ ಎತ್ತಿದಳು.

"ಕುಡೀಬ್ಯಾಡ ಕಣವ್ವ!"

ಸಾಲೆಲ್ಲ ತಿರುಗಿ ನೋಡಿತು. ಓಡಿಹೋಗಿ ವಾಲ್ವ್ ಬಂದ್ ಮಾಡಿದೆ.

"ಫಿಲ್ಟರ್‌ಗೆ ಬ್ಲೀಚಿಂಗ್ ಸುರ್ದು ಕೆಡಿಸ್ದೋನು ನಾನೇ. ಔಷಧಿ ತಿನ್ನೋ ಒಳ್ಳೇ ಹುಳ ಎಲ್ಲಾ ಸಾಯಿಸ್ಬುಟ್ಟೆ. ಹಳೇ ಬೋರ್ ನೀರು ತನ್ನಿ, ಉಪ್ಪಾದ್ರೂ ಚಿಂತಿಲ್ಲ. ಮೇಡಂಗೂ ಈಗ್ಲೇ ಹೇಳ್ತೀನಿ."

"ಅಯ್ಯೋ, ನಾನು ಹುಳ ಅಂದಿದ್ದಕ್ಕಾ?" ಎಂದು ಭದ್ರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಹರ್ಷಿತಾ ಲೋಟವನ್ನು ಬೆಳಕಿಗೆ ಹಿಡಿದಳು. "ನೀರು ಎಷ್ಟು ತಿಳಿಯಾಗಿ ಅದೆ ನೋಡಿ, ಮಾವ."

"ಅದ್ಕೇ ಕಣವ್ವ ಭಯ."

ಅವಳು ಲೋಟವನ್ನು ನೆಲಕ್ಕೆ ಬಗ್ಗಿಸಿದಳು. ನಾನು ಫೋನ್ ತೆಗೆದೆ.